ಆರೋಗ್ಯ ಪ್ರಶ್ನೋತ್ತರ: ತಲೆಯ ಶಂಟ್, ಹೊಟ್ಟೆಯ ತೊಂದರೆ

ಪ್ರಶ್ನೆ: ನನ್ನ ಮಗಳಿಗೆ ಎರಡೂವರೆ ವರ್ಷ. ಹೈಡ್ರೋಸೆಫಾಲಸ್ (ಮಿದುಳಿನಲ್ಲಿ ದ್ರವ ತುಂಬಿಕೊಳ್ಳುವ ತೊಂದರೆ) ಇದ್ದುದರಿಂದ ಐದನೇ ತಿಂಗಳಲ್ಲಿ ಆ ದ್ರವವನ್ನು ತಲೆಯಿಂದ ಹೊಟ್ಟೆಗೆ ಇಳಿಸುವ ಕೊಳವೆ, ಅಂದರೆ ಶಂಟ್, ಹಾಕಿದ್ದಾರೆ. ಇಂಥದ್ದೇ ಶಂಟ್ ಇರುವ ಇನ್ನೊಂದು ಮಗುವಿಗೆ ಕಕ್ಕ ಮಾಡುವಾಗ ಕೊಳವೆಯ ತುದಿ ಹೊರಗೆ ಬಂತು ಎಂದು ಕೇಳಿದಾಗಿನಿಂದ ನಿದ್ದೆ ಹತ್ತುತ್ತಿಲ್ಲ. ಹಾಗಾಗುವುದುಂಟೇ? ಆದರೆ ನಾವೇನು ಮಾಡಬೇಕು?

ಉತ್ತರ: ಉಂಟು, ಆದರೆ ಬಲು ಅಪರೂಪ. ಶಂಟ್ ಹಾಕಿದ ನೂರು ಮಕ್ಕಳಲ್ಲಿ ಒಬ್ಬರಿಗೂ ಆಗದಷ್ಟು. ಆದರೂ ಶಂಟ್ ಇರುವ ಮಗುವಿನ ಮನೆಯವರೆಲ್ಲರಿಗೂ ಇದು ಗೊತ್ತಿರಲೇಬೇಕು. ಗಾಬರಿಯಲ್ಲಿ ಮಾಡುವ ಒಂದು ತಪ್ಪು ಮಿದುಳಿಗೇ ತಟ್ಟಬಹುದು.

ಕೊಳವೆ ಮೆತ್ತನೆಯ ಸಿಲಿಕೋನಿನದು, ದಪ್ಪ ಸುಮಾರು 2.5 ಮಿ.ಮೀ. ಮಗು ಎತ್ತರವಾದಂತೆ ಸಾಲದೆ ಹೋಗಬಾರದೆಂದು ಹೊಟ್ಟೆಯೊಳಗೆ ಉದ್ದವಾಗಿಯೇ ಬಿಟ್ಟಿರುತ್ತಾರೆ. ಸಾಮಾನ್ಯವಾಗಿ ಅದು ಕರುಳುಗಳ ನಡುವೆ ಅತ್ತಿತ್ತ ಜಾರಾಡಿಕೊಂಡಿರುತ್ತದೆ. ಕೆಲವರಲ್ಲಿ ಸುತ್ತಲೂ ನಾರಿನಂಥ ಅಂಗಾಂಶ ಬೆಳೆದು ಕೊಳವೆ ಒಂದೇ ಕಡೆ ಕಚ್ಚಿಕೊಳ್ಳುತ್ತದೆ. ಆಗ ತುದಿ ಅದೇ ಜಾಗವನ್ನು ಒತ್ತಿ ಒತ್ತಿ ಕರುಳಿನ ಗೋಡೆ ಸವೆದು ತೂತಾಗುತ್ತದೆ. ಎಳೆಮಕ್ಕಳ ಕರುಳಿನ ಗೋಡೆ ತೆಳು, ಅದೂ ಒಂದು ಕಾರಣ. ಹಿಂದೆ ಬಳಸುತ್ತಿದ್ದ, ಒಳಗೆ ಸ್ಪ್ರಿಂಗ್ ಇದ್ದ ಗಡಸು ಕೊಳವೆಗಳಲ್ಲಿ ಈ ತೊಂದರೆ ಹೆಚ್ಚಿತ್ತು. ತೂತಾಗುವುದು ಬಹುಪಾಲು ದೊಡ್ಡ ಕರುಳಿನಲ್ಲಿ. ಒಳಹೊಕ್ಕ ತುದಿಯನ್ನು ಕರುಳಿನ ಚಲನೆಯೇ ಕೆಳಕ್ಕೆ ಒಯ್ಯುತ್ತದೆ.

ಇಷ್ಟಾದರೂ ಹೊಟ್ಟೆ ಎಷ್ಟೋ ಸಲ ಸುಮ್ಮನಿರುತ್ತದೆ. ನಿಧಾನವಾಗಿ ಆದ ತೂತಿನ ಸುತ್ತ ಅಂಗಾಂಶ ಬಿಗಿಯಾಗಿ ಕೂತಿರುವುದರಿಂದ ಮಲ ಹೊಟ್ಟೆಯೊಳಗೆ ಸೋರುವುದಿಲ್ಲ, ಮಗು ಆಡಿಕೊಂಡೇ ಇರಬಹುದು. ಅಪಾಯವಿರುವುದು ತಲೆಯಲ್ಲಿ. ಕರುಳಿನ ಬ್ಯಾಕ್ಟೀರಿಯಾ ಕೊಳವೆ ಹಿಡಿದು ಮೇಲೇರಿ ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ತರುತ್ತದೆ. ಶಂಟ್ ಇರುವ ಮಗುವಿನ ಮಿದುಳಿನ ದ್ರವದಲ್ಲಿ ಕರುಳಿನಲ್ಲಿರುವ ಇ. ಕೋಲೈ ಬ್ಯಾಕ್ಟೀರಿಯಾ ಸಿಕ್ಕಿದರೆ, ಹೊಟ್ಟೆನೋವು ಇಲ್ಲದಿದ್ದರೂ ಕರುಳಿನ ಕಡೆ ನೋಡಲೇಬೇಕು ಎನ್ನುವುದು ಇದಕ್ಕೇ.

ಕಾಣುವುದು ಹೀಗೆ: ಕಕ್ಕಕ್ಕೆ ತಿಣುಕಿದಾಗ ಮಲದ್ವಾರದಿಂದ ತೆಳ್ಳನೆಯ ಬಿಳಿ ಕೊಳವೆ ಇಣುಕುತ್ತದೆ, ತುದಿಯಿಂದ ನೀರಿನಂಥ ಹನಿ ಬೀಳಬಹುದು, ಸ್ವಲ್ಪ ಹೊತ್ತಿಗೆ ಒಳಗೆ ಸರಿದುಬಿಡಬಹುದು. ಜಂತುಹುಳು ಎಂದುಕೊಂಡು ಔಷಧಿ ಹಾಕಿ ಸುಮ್ಮನಾದವರಿದ್ದಾರೆ. ಒಳಗೆ ಹೋಯಿತೆಂದು ನೀವು ಸುಮ್ಮನಿರಬೇಡಿ.

ಎಳೆಯಬೇಡಿ, ಒಳಗೆ ತಳ್ಳಬೇಡಿ, ಕತ್ತರಿಸಬೇಡಿ, ಎನಿಮಾ ಕೊಡಬೇಡಿ. ಹೊರಗಿರುವ ತುದಿಯನ್ನು ಶುಚಿಯಾದ ಗಾಜ್ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಡೈಪರ್ ಹಾಕಿ, ನ್ಯೂರೋಸರ್ಜನ್ ಇರುವ ಆಸ್ಪತ್ರೆಗೆ ತಕ್ಷಣ ಹೊರಡಿ. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ಅಲ್ಲಿಯವರನ್ನು ಕೇಳದೆ ಹಾಲು, ಊಟ ಕೊಡಬೇಡಿ. ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಕೊಳವೆ ಮತ್ತೆ ಒಳಸರಿದರೆ ಅದೇ ಸಾಕ್ಷಿ.

ಆಸ್ಪತ್ರೆಯಲ್ಲಿ ಎಕ್ಸ್‌-ರೇ, ಸ್ಕ್ಯಾನ್ ಮಾಡಿ, ಮಿದುಳಿನ ದ್ರವವನ್ನು ಕಲ್ಚರಿಗೆ (ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆಗೆ) ಕಳಿಸಿ ಆಂಟಿಬಯೋಟಿಕ್ ಆರಂಭಿಸುತ್ತಾರೆ. ಕೊಳವೆಯನ್ನು ಮೇಲ್ಭಾಗದಲ್ಲಿ ಕತ್ತರಿಸಿ, ಕೆಳಗಿನ ತುಂಡನ್ನು ಮಲದ್ವಾರದ ಮೂಲಕವೇ ಹೊರಗೆಳೆಯುತ್ತಾರೆ. ಮೇಲಿನಿಂದ ಎಳೆದರೆ ಮಲ ಅಂಟಿದ ತುದಿ ಚರ್ಮದಡಿಯ ಹಾದಿಯನ್ನೆಲ್ಲ ಮಲಿನ ಮಾಡುತ್ತದೆ. ಹೊಟ್ಟೆಯ ಪೊರೆಗೆ ಸೋಂಕು ತಗಲಿರದಿದ್ದರೆ ಸಾಮಾನ್ಯವಾಗಿ ಹೊಟ್ಟೆ ತೆರೆಯಬೇಕಿಲ್ಲ, ಆ ಸಣ್ಣ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಸೋಂಕು ಪೂರ್ತಿ ಹೋಗುವವರೆಗೆ ತಲೆಯ ದ್ರವವನ್ನು ಹೊರಗಿನ ಚೀಲಕ್ಕೆ ಇಳಿಸಿ, ಕಲ್ಚರ್ ಶುದ್ಧವೆಂದು ಖಚಿತವಾದ ಮೇಲಷ್ಟೇ ಹೊಸ ಶಂಟ್. ಇದಕ್ಕೆ ವಾರಗಳೇ ಹಿಡಿಯಬಹುದು. ದಯವಿಟ್ಟು ಅವಸರ ಮಾಡಬೇಡಿ.

ಪ್ರಶ್ನೆ: ಶಂಟ್ ಇರುವ ಮಗನಿಗೆ ಮಲಬದ್ಧತೆ. ನಾಲ್ಕೈದು ದಿನಕ್ಕೊಮ್ಮೆ ಹೋಗುತ್ತಾನೆ. ಶಂಟ್‌ಗೆ ಇದರಿಂದ ತೊಂದರೆಯೇ?

ಉತ್ತರ: ಆಗಬಹುದು. ಹೊಟ್ಟೆಯೊಳಗಿನ ಒತ್ತಡ ಏರಿದರೆ ದ್ರವ ಇಳಿಯುವುದು ನಿಧಾನವಾಗಿ ತಲೆನೋವು, ವಾಂತಿ ಬರುತ್ತದೆ. ಮಲ ಹೊರಹೋದ ಮೇಲೆ ಇವು ಇಳಿದುಹೋದ ಮಕ್ಕಳೂ ಇದ್ದಾರೆ. ಹಾಗೆಂದು ತಲೆನೋವನ್ನು ಮಲಬದ್ಧತೆಯ ಲೆಕ್ಕಕ್ಕೆ ಹಾಕಿ ಕೂರುವಂತಿಲ್ಲ, ಮೊದಲು ಶಂಟ್ ಪರೀಕ್ಷೆ ಆಗಲಿ. ಮಲ ಮೆತ್ತಗಾಗಿಸುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯನ್ನು ಮಗುವಿನ ತೂಕ ನೋಡಿ ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಡಿ.

ಪ್ರಶ್ನೆ: ವಾಂತಿ ಬಂದಾಗಲೆಲ್ಲ ಭಯ. ಹೊಟ್ಟೆ ಕೆಟ್ಟಿದೆಯೋ ಶಂಟ್ ಕಟ್ಟಿದೆಯೋ ತಿಳಿಯುವುದು ಹೇಗೆ?

ಉತ್ತರ: ಭೇದಿಯೂ ಇದ್ದು, ಮನೆಯಲ್ಲಿ ಇತರರಿಗೂ ಅದೇ ಆಗಿದ್ದರೆ ಹೊಟ್ಟೆಯ ಸೋಂಕಿನ ಸಾಧ್ಯತೆ ಹೆಚ್ಚು. ಭೇದಿಯಿಲ್ಲದ ವಾಂತಿ, ಜೊತೆಗೆ ತಲೆನೋವು, ಎಬ್ಬಿಸಿದರೂ ಏಳದಂಥ ಮಂಪರು, ಕಣ್ಣು ಕೆಳಕ್ಕೆ ವಾಲುವುದು, ಕೂಸಾದರೆ ನೆತ್ತಿ ಉಬ್ಬಿ ಬಿಗಿಯಾಗಿರುವುದು, ಇವು ಕಂಡರೆ ಶಂಟ್ ಎಂದೇ ತಿಳಿದು ಕೂಡಲೇ ಹೊರಡಿ. ಹೊಟ್ಟೆ ಉಬ್ಬಿಕೊಂಡು ಗಂಟಿನಂತೆ ಕೈಗೆ ಸಿಗುವುದಾದರೆ ಕೊಳವೆಯ ತುದಿಯಲ್ಲಿ ದ್ರವ ಚೀಲಕಟ್ಟಿರಬಹುದು. ಅದರ ಹಿಂದೆ ಎಷ್ಟೋ ಸಲ ಸದ್ದಿಲ್ಲದ ಸೋಂಕಿರುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಗೊತ್ತಾಗುತ್ತದೆ. ಹಸಿರು ವಾಂತಿಯಾಗಿ ಗಾಳಿ, ಮಲ ಎರಡೂ ನಿಂತರೆ ಕರುಳು ಕೊಳವೆಗೆ ಸುತ್ತಿಕೊಂಡಿರುವ ಸಾಧ್ಯತೆಯೂ ಉಂಟು. ಬೆಳಗಾಗಲಿ ಎಂದು ಕಾಯಬೇಡಿ.