‘ಗ್ರಾಸ್ ಕ್ಲಿನಿಕ್’ ನಕಲು ಕೊಳ್ಳುವವರು ಮೊದಲು ಕತ್ತಲೆ ನೋಡಿ

ಪ್ರಶ್ನೆ: ನನ್ನ ತಂದೆ ನಲವತ್ತು ವರ್ಷ ಮೂಳೆ ಶಸ್ತ್ರಚಿಕಿತ್ಸೆ ಮಾಡಿದವರು. ಈಗ ಊರಿನಲ್ಲಿ ಸಣ್ಣ ಕ್ಲಿನಿಕ್ ಇಟ್ಟುಕೊಂಡಿದ್ದಾರೆ. ಹಿಂದೊಮ್ಮೆ ಫಿಲಡೆಲ್ಫಿಯಾದ ನಮ್ಮ ಮನೆಗೆ ಬಂದಿದ್ದಾಗ ಅಮೆರಿಕದ ಚಿತ್ರಕಾರ ಥಾಮಸ್ ಏಕಿನ್ಸ್ ಬಿಡಿಸಿದ ‘ದಿ ಗ್ರಾಸ್ ಕ್ಲಿನಿಕ್’ (ಗ್ಯಾಲರಿಯಲ್ಲಿ ಕುಳಿತ ವಿದ್ಯಾರ್ಥಿಗಳ ಎದುರು ವೈದ್ಯರೊಬ್ಬರು ತೊಡೆಯ ಶಸ್ತ್ರಚಿಕಿತ್ಸೆ ಮಾಡುತ್ತಿರುವ ದೃಶ್ಯ) ಚಿತ್ರದ ಮುಂದೆ ಅರ್ಧ ಗಂಟೆ ನಿಂತುಬಿಟ್ಟರು. ಅದರ ಕೈಯಿಂದ ಬಿಡಿಸಿದ ತೈಲವರ್ಣ ನಕಲನ್ನು ಉಡುಗೊರೆ ಕೊಡಬೇಕೆಂದಿದ್ದೇನೆ. ಆನ್‌ಲೈನ್‌ನಲ್ಲಿ ಒಬ್ಬೊಬ್ಬರದು ಒಂದೊಂದು ಬೆಲೆ. ಏನು ನೋಡಿ ಆರಿಸಬೇಕು? ಕ್ಲಿನಿಕ್‌ನಲ್ಲಿ ರೋಗಿಗಳು ಕಾಯುವ ಕೋಣೆಗೆ ಹಾಕಬಹುದೇ? ನಕಲು ಮಾಡಿಸುವುದಕ್ಕೆ ಕಾನೂನಿನ ಅಡ್ಡಿಯಿದೆಯೇ?

ಉತ್ತರ: ಕಾನೂನಿನ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ಏಕಿನ್ಸ್ ತೀರಿಕೊಂಡದ್ದು 1916ರಲ್ಲಿ. ಚಿತ್ರದ ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದಿದೆ. ಧಾರಾಳವಾಗಿ ಮಾಡಿಸಿ. ಕಲಾವಿದನ ಸಹಿಯನ್ನು ಮಾತ್ರ ನಕಲು ಮಾಡಬೇಡಿ ಎನ್ನಿ. ಕ್ಯಾನ್ವಾಸಿನ ಬೆನ್ನಿಗೆ ನಕಲು ಮಾಡಿದವರ ಹೆಸರು, ವರ್ಷ ಬರೆಸಿ.

ಇನ್ನು ಆಯ್ಕೆ. ಮಾರುವವರು ತೋರಿಸುವ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ. ಚಾಕು ಹಿಡಿದು ನಿಂತ ವೈದ್ಯ ಡಾ. ಸ್ಯಾಮ್ಯುಯೆಲ್ ಗ್ರಾಸ್ ಅವರ ಹಿಂದೆ, ಬಲಗಡೆ, ಒಳಗೆ ಬರುವ ಸುರಂಗದಂಥ ದಾರಿಯಲ್ಲಿ ಇಬ್ಬರು ನಿಂತಿದ್ದಾರೆ. ಅವರು ಕೆಂಡದ ಬೆಳಕು ಬಿದ್ದವರಂತೆ ಕಿತ್ತಳೆಗೆಂಪಾಗಿ ಎದ್ದು ಕಾಣುತ್ತಿದ್ದರೆ ಆ ಅಂಗಡಿಯನ್ನು ಬಿಡಿ. ಇದಕ್ಕೊಂದು ಕಥೆಯಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೂಲಚಿತ್ರವನ್ನು ತೊಳೆದವರು ಕೊಳೆಯ ಜೊತೆಗೆ ಏಕಿನ್ಸ್ ಬೇಕೆಂದೇ ಹಚ್ಚಿದ್ದ ತೆಳುವಾದ ಕಪ್ಪು ಲೇಪವನ್ನೂ ಒರೆಸಿಹಾಕಿದರು. ಹಿಂದೆ ಸರಿದಿರಬೇಕಾದ ಆ ಇಬ್ಬರು ಮುಂದಕ್ಕೆ ಬಂದರು, ವೈದ್ಯರ ಹಣೆಯ ಮೇಲಿನ ಬೆಳಕು ಮಂಕಾಯಿತು. 2010ರಲ್ಲಿ ಫಿಲಡೆಲ್ಫಿಯಾದ ಸಂರಕ್ಷಕರು ಆ ಕತ್ತಲೆಯನ್ನು ಮತ್ತೆ ತುಂಬಿದರು. ಆದರೆ ಹಳೆಯ ಛಾಯಾಚಿತ್ರಗಳು ಇನ್ನೂ ಓಡಾಡುತ್ತಿವೆ, ಅವನ್ನೇ ಮುಂದಿಟ್ಟುಕೊಂಡು ಬಿಡಿಸಿದ ನಕಲುಗಳೂ ಕೂಡ. ಕೈ ಎಷ್ಟೇ ಪಳಗಿದ್ದರೂ ಅದು ಹಾಳಾದ ಚಿತ್ರದ ನಕಲು.

ಕತ್ತಲೆಯನ್ನು ಮತ್ತೆ ತುಂಬುವಾಗ ಆ ಸಂರಕ್ಷಕರಿಗೆ ದಾರಿ ತೋರಿಸಿದ್ದೂ ಒಂದು ನಕಲೇ! ಅದನ್ನು ಬರೆದವನು ಸ್ವತಃ ಏಕಿನ್ಸ್. ಚಿತ್ರವನ್ನು ಅಚ್ಚು ಹಾಕಿಸಿ ಹಂಚಬೇಕೆಂಬ ಆಸೆ ಅವನಿಗಿತ್ತು. ಆಗಿನ ಛಾಯಾಚಿತ್ರದ ಫಲಕಗಳಿಗೆ ಕೆಂಪು ಕಾಣುತ್ತಿರಲಿಲ್ಲ, ರಕ್ತವೂ ಕೋಟೂ ಒಂದೇ ಕಪ್ಪಾಗಿ ಬರುತ್ತಿದ್ದವು. ಹಾಗಾಗಿ ಶಾಯಿಯಲ್ಲಿ ಕಪ್ಪು-ಬಿಳುಪಿನ ಪ್ರತಿಯೊಂದನ್ನು ಬರೆದು ಅದರ ಫೋಟೊ ತೆಗೆಸಿದ. ಅದೀಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ. ನಿಮ್ಮ ನಕಲುಗಾರರಿಗೆ 2010ರ ನಂತರದ ಬಣ್ಣದ ಚಿತ್ರದ ಜೊತೆ ಇದನ್ನೂ ಕಳುಹಿಸಿ. ಎಲ್ಲಿ ಎಷ್ಟು ಕಪ್ಪು ಎಂಬುದಕ್ಕೆ ಇದಕ್ಕಿಂತ ನಂಬಿಕೆಯ ಸಾಕ್ಷಿ ಸಿಗದು.

ಅಳತೆಯಲ್ಲಿ ಜಿಪುಣತನ ಬೇಡ. ಮೂಲಚಿತ್ರ ಸುಮಾರು 8 ಅಡಿ ಎತ್ತರ, ಆರೂವರೆ ಅಡಿ ಅಗಲ. ಎರಡಡಿಯ ನಕಲಿನಲ್ಲಿ ಗ್ಯಾಲರಿಯ ವಿದ್ಯಾರ್ಥಿಗಳು ಅಕ್ಕಿಕಾಳಾಗುತ್ತಾರೆ. ನಾಲ್ಕಡಿಗಿಂತ ಕಡಿಮೆಯದನ್ನು ನಾನು ಒಪ್ಪುವುದಿಲ್ಲ. 3x2 ಅಡಿಯ ಸಿದ್ಧ ಚೌಕಟ್ಟಿಗೆ ಹೊಂದಿಸಿಕೊಡುತ್ತೇವೆ ಎನ್ನುವವರಿದ್ದಾರೆ, ಎಚ್ಚರ. ಆ ಅನುಪಾತಕ್ಕೆ ಚಿತ್ರದ ಅಂಚು ಕತ್ತರಿಸಲೇಬೇಕು. ಎಡಕ್ಕೆ ಕತ್ತರಿಸಿದರೆ ಕೈಯಿಂದ ಮುಖ ಮುಚ್ಚಿಕೊಂಡ ಹೆಂಗಸು ಹೋಗುತ್ತಾಳೆ. ರೋಗಿಯ ತಾಯಿ ಎಂದೇ ಅವಳನ್ನು ಗುರುತಿಸುತ್ತಾ ಬಂದಿದ್ದಾರೆ. ಬಲಕ್ಕೆ ಕತ್ತರಿಸಿದರೆ ಮಬ್ಬಿನಲ್ಲಿ ಕುಳಿತು ಗೀಚುತ್ತಿರುವ ಏಕಿನ್ಸ್ ಹೋಗುತ್ತಾನೆ.

‘ಕೈಯಿಂದ ಬಿಡಿಸಿದ್ದು’ ಎಂಬ ಮಾತನ್ನೂ ಪರೀಕ್ಷಿಸಬೇಕು. ಕ್ಯಾನ್ವಾಸಿನ ಮೇಲೆ ಪ್ರಿಂಟ್ ತೆಗೆದು, ಮೇಲೊಂದಿಷ್ಟು ಪಾರದರ್ಶಕ ಜೆಲ್ ಬಳಿದು ಕುಂಚದ ಗೆರೆ ಎಬ್ಬಿಸಿ ಮಾರುವುದುಂಟು. ಭೂತಗನ್ನಡಿಯಲ್ಲಿ ಬಣ್ಣದ ಚುಕ್ಕಿಗಳು ಕಂಡರೆ ಅದು ಪ್ರಿಂಟ್. ಕುಂಚದ ಗೆರೆ ಕೆಳಗಿನ ಆಕಾರವನ್ನು ಅನುಸರಿಸದೆ ಅಡ್ಡಾದಿಡ್ಡಿ ಓಡಿದ್ದರೂ ಅನುಮಾನ ಪಡಿ. ಕೆಲಸ ಅರ್ಧಕ್ಕೆ ಬಂದಾಗಿನ ಫೋಟೊ ಕೊಡದವರಿಗೆ ಮುಂಗಡ ಕೊಡಬೇಡಿ. ಚೀನಾದ ಶೆನ್‌ಝೆನ್ ನಗರದ ದಾಫೆನ್‌ನಲ್ಲಿ ಇಂಥ ನಕಲುಗಳೇ ಒಂದು ಉದ್ಯಮ. ನುರಿತವರು ಅಲ್ಲಿದ್ದಾರೆ, ಅವಸರದವರೂ ಇದ್ದಾರೆ. ಹದಿನೈದು ದಿನದಲ್ಲಿ ಕೊಡುತ್ತೇವೆ ಎಂದವರನ್ನು ನಂಬಬೇಡಿ. ತೈಲವರ್ಣದ ಕಪ್ಪು ನಿಧಾನವಾಗಿ ಒಣಗುತ್ತದೆ, ಈ ಚಿತ್ರದಲ್ಲಿ ಕಪ್ಪೇ ಮುಕ್ಕಾಲು ಪಾಲು. ಸುತ್ತಿ ಕಳುಹಿಸುವುದಾದರೆ ಬಣ್ಣದ ಮುಖ ಹೊರಗಿರಲಿ. ಹೊಳೆಯುವ ವಾರ್ನಿಷ್ ಖಂಡಿತ ಬೇಡ. ಇಷ್ಟು ಕಪ್ಪಿನ ಚಿತ್ರ ಆಗ ಕನ್ನಡಿಯಾಗಿ, ಗ್ರಾಸ್ ಅವರ ಕೋಟಿನಲ್ಲಿ ನಿಮ್ಮ ಟ್ಯೂಬ್‌ಲೈಟ್ ಕಾಣುತ್ತದೆ.

ನನ್ನ ಬಳಿ ದುರಸ್ತಿಗೆ ಬಂದ ಒಂದು ನಕಲಿನಲ್ಲಿ ವೈದ್ಯರ ಬೆರಳಿನ ರಕ್ತವೇ ಇರಲಿಲ್ಲ. ‘ಮನೆಗೆ ಚೆನ್ನಾಗಿ ಕಾಣಲಿ’ ಎಂದು ಮಾರಿದವರೇ ಬಿಟ್ಟಿದ್ದರಂತೆ. ನಸುಗೆಂಪು ಚಾಕು ಹಿಡಿದು ನಿಂತ ಆ ಮುದುಕರು ಹಣ್ಣು ಹೆಚ್ಚುವವರ ಹಾಗೆ ಕಾಣುತ್ತಿದ್ದರು.

ಕಾಯುವ ಕೋಣೆಗೆ ಬೇಡ. 1876ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ಅಮೆರಿಕದ ಸ್ವಾತಂತ್ರ್ಯದ ಶತಮಾನೋತ್ಸವ ಪ್ರದರ್ಶನದಲ್ಲಿ ತೀರ್ಪುಗಾರರು ಇದನ್ನು ಕಲಾಮಂಟಪಕ್ಕೆ ಸೇರಿಸಲಿಲ್ಲ, ಕೊನೆಗೆ ಅಲ್ಲಿ ಪ್ರದರ್ಶನಕ್ಕೆಂದು ಕಟ್ಟಿದ್ದ ಮಾದರಿ ಸೇನಾ ಆಸ್ಪತ್ರೆಯೊಳಗೆ ಇದನ್ನು ತೂಗುಹಾಕಲಾಯಿತು. ಆ ತೀರ್ಪುಗಾರರನ್ನು ಎಲ್ಲರೂ ಬೈಯುತ್ತಾರೆ. ಆದರೆ ಮಂಡಿನೋವೆಂದು ಬಂದು ಚೀಟಿ ಹಿಡಿದು ಕುಳಿತ ಅಜ್ಜಿಯ ಎದುರು ಸೀಳಿದ ತೊಡೆಯ ಚಿತ್ರ ಹಾಕುವುದಕ್ಕೆ ನನಗೂ ಮನಸ್ಸು ಬಾರದು. ನಿಮ್ಮ ತಂದೆಯವರ ಓದುವ ಕೋಣೆಯಲ್ಲಿ, ಕಿಟಕಿಗೆ ನೇರ ಎದುರಲ್ಲದ ಗೋಡೆಯಲ್ಲಿ ಹಾಕಿ. ಚಿತ್ರದಲ್ಲಿ ನಡೆಯುತ್ತಿರುವುದು ಸೋಂಕು ತಗುಲಿದ ಮೂಳೆಯಲ್ಲಿ ಸತ್ತ ಚೂರನ್ನಷ್ಟೇ ತೆಗೆದು ಕಾಲನ್ನು ಉಳಿಸುವ ಕೆಲಸ. ಹಿಂದೆ ಇಂಥ ಕಾಲನ್ನು ಕತ್ತರಿಸಿಯೇ ಬಿಡುತ್ತಿದ್ದರು. ನಿಮ್ಮ ತಂದೆ ಅಷ್ಟು ಹೊತ್ತು ನಿಂತದ್ದು ಬಹುಶಃ ಅದನ್ನು ಗುರುತಿಸಿಯೇ.

ಹಣ ಪೂರ್ತಿ ಕೊಡುವ ಮೊದಲು ಮೇಜಿನ ತುದಿಯ ಹತ್ತಿರದ ಫೋಟೊ ಕೇಳಿ. ಮುಖ ಕಾಣದ ಆ ರೋಗಿಯ ಪಾದಗಳಲ್ಲಿ ಬೂದುಬಣ್ಣದ ಕಾಲುಚೀಲಗಳಿವೆ. ಅವಸರದ ಕೈ ಅಲ್ಲಿ ಎರಡು ಬೂದು ಉಂಡೆಗಳನ್ನು ಬಿಡಿಸಿ ಮುಗಿಸಿರುತ್ತದೆ.