ದಿನಾ ಬೆಳಿಗ್ಗೆ ಡಿ ಡ್ರೈವ್ ಚೆಕ್ ಆಗುತ್ತಿದೆ, ಹಾರ್ಡ್ ಡಿಸ್ಕ್ ಕೆಟ್ಟಿದೆಯೇನ್ರಿ?

ನೀವು ಕೇಳಿದ್ದು ಇದು: ಬಾಗಲಕೋಟೆ ನವನಗರದಲ್ಲಿ ಫೋಟೊ ಸ್ಟುಡಿಯೊ ಇದೆ, ಮದುವೆ ಫೋಟೊಗಳೆಲ್ಲ 1 ಟಿಬಿ ಹಾರ್ಡ್ ಡಿಸ್ಕಿನ ಡಿ ಡ್ರೈವಿನಲ್ಲಿವೆ. ಒಂದು ವಾರದಿಂದ ವಿಂಡೋಸ್ 10 ಶುರುವಾಗುವಾಗ ದಿನಾ ‘ಸ್ಕ್ಯಾನಿಂಗ್ ಆ್ಯಂಡ್ ರಿಪೇರಿಂಗ್ ಡ್ರೈವ್ ಡಿ’ ಅಂತ ಬರುತ್ತದೆ. ಗೆಳೆಯರೊಬ್ಬರು ಆ ಚೆಕ್ ಬಂದ್ ಮಾಡಿಬಿಡು ಅಂದಿದ್ದಾರೆ.

ಬಂದ್ ಮಾಡಬೇಡ್ರಿ ಸರ್. ಬಂದ್ ಮಾಡೋ ಕಮಾಂಡ್ ಇದೆ, ಆದರೆ ಅದರಿಂದ ನಿಲ್ಲೋದು ಮೆಸೇಜ್ ಮಾತ್ರ, ಕಾರಣ ಹಾಗೇ ಉಳಿಯುತ್ತದೆ. ಇವತ್ತು ಮೊದಲು ಮದುವೆ ಫೋಲ್ಡರುಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡ್ರಿ. ಗಿರಾಕಿಗೆ ಇನ್ನೂ ಆಲ್ಬಮ್ ಕೊಡದ ಮದುವೆಗಳು ಮೊದಲು, ಹಳೆಯವು ಆಮೇಲೆ. ಉಳಿದ ಪರೀಕ್ಷೆ ಎಲ್ಲ ಅದಾದ ಮೇಲೆ.

ಈಗ ಈ ಚೆಕ್ ಏನು ನೋಡುತ್ತದೆ ಅನ್ನೋದು. ಅಡತಿ ಅಂಗಡಿಯಲ್ಲಿ ಕಿರ್ದಿ ಬೇರೆ, ಗೋದಾಮು ಬೇರೆ. ಹಾಗೇ ವಿಂಡೋಸ್ ಕೂಡ ಯಾವ ಫೈಲು ಡಿಸ್ಕಿನಲ್ಲಿ ಎಲ್ಲೆಲ್ಲಿ ಇದೆ ಅಂತ ಒಂದು ಲೆಕ್ಕ ಬರೆದಿಡುತ್ತದೆ. ಆ ಲೆಕ್ಕ ತಾಳೆಯಾಗುತ್ತಿಲ್ಲ ಅನಿಸಿದರೆ ಡ್ರೈವಿಗೆ ‘ಡರ್ಟಿ’ ಅಂತ ಗುರುತು ಹಾಕುತ್ತದೆ. ಮರುದಿನ ಚಾಲೂ ಮಾಡಿದಾಗ ಆ ಗುರುತು ಕಂಡು ಲೆಕ್ಕ ಸರಿಪಡಿಸುತ್ತದೆ, ಸರಿಹೋದರೆ ಗುರುತು ಅಳಿಸುತ್ತದೆ. ಗೋದಾಮಿನ ಗೋಡೆ ಬಿರುಕು ಬಿಟ್ಟಿದೆಯೋ ಇಲ್ಲವೋ ಇದಕ್ಕೆ ಗೊತ್ತಾಗೋದಿಲ್ಲ. ಅಂದರೆ ಚೆಕ್ ಬಂತು ಅಂದಮಾತ್ರಕ್ಕೆ ಡಿಸ್ಕ್ ಕೆಟ್ಟಿದೆ ಅಂತಲ್ಲ, ಚೆಕ್ ಮುಗಿಯಿತು ಅಂದಮಾತ್ರಕ್ಕೆ ಡಿಸ್ಕ್ ಚೆನ್ನಾಗಿದೆ ಅಂತಲೂ ಅಲ್ಲ. ಎರಡನೆಯ ತಪ್ಪಿನಿಂದಲೇ ಜನ ಫೋಟೊ ಕಳೆದುಕೊಳ್ಳುತ್ತಾರೆ.

ಯಾವಾಗಲೋ ಒಮ್ಮೆ ಕರೆಂಟ್ ಹೋಗಿ ಚೆಕ್ ಬಂದರೆ ಅದು ಸಹಜ. ದಿನಾ ಬಂದರೆ ಗುರುತು ಮತ್ತೆ ಮತ್ತೆ ಬೀಳುತ್ತಿದೆ. ಯಾವಾಗ ಬೀಳುತ್ತಿದೆ ಅಂತ ಹಿಡಿಯಲು ಒಂದು ಉಪಾಯ ಇದೆ. ರಾತ್ರಿ ಅಂಗಡಿ ಮುಚ್ಚೋ ಮುಂಚೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆಗೆದು ‘ಎಫ್‌ಎಸ್‌ಯುಟಿಲ್ ಡರ್ಟಿ ಕ್ವೆರಿ ಡಿ:’ (fsutil dirty query d:) ಹೊಡೀರಿ. ‘ನಾಟ್ ಡರ್ಟಿ’ ಅಂತ ಬಂದು, ಆದರೂ ಬೆಳಿಗ್ಗೆ ಚೆಕ್ ಆದರೆ ತೊಂದರೆ ಹೆಚ್ಚಾಗಿ ಶಟ್‌ಡೌನ್ ಮಾಡೋ ರೀತಿಯಲ್ಲಿದೆ. ರಾತ್ರಿಯೇ ‘ಡರ್ಟಿ’ ಅಂತ ಬಂದರೆ ಹಗಲು ಕೆಲಸದ ನಡುವೆ ಗುರುತು ಬಿದ್ದಿದೆ. ಆಗ ಡಿಸ್ಕು ಅಥವಾ ಕೇಬಲ್ ಮೇಲೆ ಸಂಶಯ ಪಡ್ರಿ.

ಶಟ್‌ಡೌನ್ ಅಂದರೆ, ಅಂಗಡಿಗಳಲ್ಲಿ ಶಟ್‌ಡೌನ್ ಒತ್ತಿ, ಸ್ಕ್ರೀನ್ ಕಪ್ಪಾದ ಕೂಡಲೇ ಮೇನ್ ಸ್ವಿಚ್ ಆಫ್ ಮಾಡಿ ಶಟರ್ ಎಳೆಯುತ್ತಾರೆ. ಸ್ಕ್ರೀನ್ ಕಪ್ಪಾದ ಮೇಲೂ ಒಳಗೆ ಬರೆಯೋ ಕೆಲಸ ನಡೆದಿರಬಹುದು. ಸಿಪಿಯು ಫ್ಯಾನ್ ನಿಂತು, ಪವರ್ ಲೈಟ್ ಆರಿದ ಮೇಲೆ ಸ್ವಿಚ್ ಮುಟ್ರಿ. ಇನ್ನೊಂದು, ಯುಪಿಎಸ್. ಕಂಪ್ಯೂಟರಿನಲ್ಲಿ ಏನೂ ಕೆಲಸ ಇಲ್ಲದಾಗ, ಫೈಲ್ ಎಲ್ಲ ಮುಚ್ಚಿ, ಯುಪಿಎಸ್‌ಗೆ ಕರೆಂಟ್ ಕೊಡೋ ಗೋಡೆಯ ಪ್ಲಗ್ ಕೀಳ್ರಿ. ಎರಡು ಬೀಪ್ ಹೊಡೆದು ಸತ್ತರೆ ಬ್ಯಾಟರಿ ಮುಗಿದಿದೆ. ಸಣ್ಣ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್ 7 ಎಎಚ್ ಬ್ಯಾಟರಿ ಇರುತ್ತದೆ, ಹೆಚ್ಚಾಗಿ ಎರಡು ಮೂರು ವರ್ಷಕ್ಕೆ ಬದಲಿಸಬೇಕಾಗುತ್ತದೆ. ಕಂಪ್ಯೂಟರ್ ಮನೆ ಇನ್ವರ್ಟರ್ ಮೇಲಿದ್ದರೆ ಹಿಂದಿನ ಸ್ವಿಚ್ ‘ಯುಪಿಎಸ್’ ಮೋಡಿನಲ್ಲಿ ಇದೆಯೋ ನೋಡ್ರಿ. ಇನ್ನೊಂದು ಮೋಡಿನಲ್ಲಿ ಕರೆಂಟ್ ಬದಲಾಗೋ ಆ ಕ್ಷಣದಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು.

ಡಿಸ್ಕಿನ ಆರೋಗ್ಯಕ್ಕೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅನ್ನೋ ಸಾಫ್ಟ್‌ವೇರ್ ಹಾಕಿಕೊಳ್ರಿ, ಪುಕ್ಕಟೆ ಸಿಗುತ್ತದೆ. ಮೇಲಿರೋ ‘ಗುಡ್’ ಎಂಬ ನೀಲಿ ಪಟ್ಟಿ ನೋಡಿ ಸುಮ್ಮನಾಗಬೇಡ್ರಿ, ಕೆಳಗಿನ ಸಾಲುಗಳನ್ನು ಓದ್ರಿ. ಅಲ್ಲಿ ‘ರಾ ವ್ಯಾಲ್ಯೂಸ್’ ಕಾಲಮ್ಮಿನ ಅಂಕಿಗಳು ಹೆಕ್ಸಾದಲ್ಲಿ, ಅಂದರೆ ಹದಿನಾರರ ಎಣಿಕೆಯಲ್ಲಿ, ಇರುತ್ತವೆ: 000000000010 ಅಂತ ಇದ್ದರೆ ಅದು ಹತ್ತಲ್ಲ, ಹದಿನಾರು. ಫಂಕ್ಷನ್ ಮೆನುವಿನ ಅಡ್ವಾನ್ಸ್ಡ್ ಫೀಚರ್‌ನಲ್ಲಿ ರಾ ವ್ಯಾಲ್ಯೂಸ್ ತೆಗೆದು 10 ಡೆಕ್ ಆರಿಸಿದರೆ ನಮ್ಮ ಅಂಕಿಯಲ್ಲಿ ಕಾಣುತ್ತದೆ.

ನೋಡಬೇಕಾದ್ದು ನಾಲ್ಕು ಸಾಲು. 05 ಅಂದರೆ ಕೆಟ್ಟ ಸೆಕ್ಟರಿನ (ಡಿಸ್ಕಿನಲ್ಲಿ ಡೇಟಾ ಬರೆಯೋ ಸಣ್ಣ ಜಾಗ) ಬದಲು ಮೀಸಲು ಸೆಕ್ಟರ್ ಬಳಸಿದ ಲೆಕ್ಕ. ಸಿ5 ಅಂದರೆ ಓದಲಾಗದೆ, ಇನ್ನೂ ತೀರ್ಮಾನವಾಗದೆ ನಿಂತಿರೋ ಸೆಕ್ಟರುಗಳು. ಸಿ6, ಡಿಸ್ಕಿನ ಸ್ವಂತ ಪರೀಕ್ಷೆಯಲ್ಲೂ ಸರಿಹೋಗದವು. ಈ ಮೂರೂ ಸೊನ್ನೆ ಇರಬೇಕು. 05ರಲ್ಲಿ ಸಣ್ಣ ಅಂಕಿ ಇದ್ದು ತಿಂಗಳುಗಟ್ಟಲೆ ಅಲ್ಲೇ ನಿಂತಿದ್ದರೆ ಕಣ್ಣಿಟ್ಟುಕೊಂಡು ಬಳಸಬಹುದು. ಸಿ5 ಸೊನ್ನೆ ಬಿಟ್ಟು ವಾರ ವಾರ ಏರುತ್ತಿದ್ದರೆ ನಾನು ಆ ಡಿಸ್ಕಿನ ಮೇಲೆ ಒಂದೂ ಮದುವೆ ಇಡುವುದಿಲ್ಲ. ನಾಲ್ಕನೆಯದು ಸಿ7, ಡಿಸ್ಕಿಗೂ ಕಂಪ್ಯೂಟರಿಗೂ ನಡುವೆ ಡೇಟಾ ಸಾಗುವಾಗ ಆದ ತಪ್ಪುಗಳ ಲೆಕ್ಕ. ಇದು ಏರುತ್ತಿದ್ದರೆ ದೋಷ ಹೆಚ್ಚಾಗಿ ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸೋ ಸಾಟಾ ಕೇಬಲ್ಲಿನದು. ಕೇಬಲ್ ಬದಲಿಸ್ರಿ, ಮದರ್‌ಬೋರ್ಡಿನ ಬೇರೆ ಪೋರ್ಟಿಗೆ ಹಾಕ್ರಿ. ಹಳೆಯ ಅಂಕಿ ಇಳಿಯೋದಿಲ್ಲ, ಮುಂದೆ ಏರದಿದ್ದರೆ ಸಾಕು. ಬಹಳ ಜನ ಇದನ್ನು ನೋಡದೆ ಒಳ್ಳೆಯ ಡಿಸ್ಕನ್ನೇ ಎಸೆಯುತ್ತಾರೆ.

ಸಿ5 ಏರಿದ್ದು ಕಂಡು ಯಾರಾದರೂ ಚೆಕ್‌ಡಿಸ್ಕ್ /ಆರ್ ಓಡಿಸು ಅಂದರೆ, ಕಾಪಿ ಆಗೋವರೆಗೆ ಬೇಡ. ಅದು ಡ್ರೈವನ್ನು ಪೂರ್ತಿ ಓದುತ್ತದೆ. ಒಳ್ಳೆಯ ಡಿಸ್ಕಿಗೂ 1 ಟಿಬಿ ಓದಲು ಎರಡು ಮೂರು ತಾಸು ಬೇಕು, ಕೆಟ್ಟ ಡಿಸ್ಕ್ ಒಂದೊಂದು ಸೆಕ್ಟರಿಗೂ ತಡವರಿಸಿ ದಿನಗಟ್ಟಲೆ ಎಳೆಯಬಹುದು, ಅಷ್ಟರಲ್ಲಿ ಪೂರ್ತಿ ಸಾಯಲೂಬಹುದು. ಜೊತೆಗೆ, ಈ ರಿಪೇರಿಗೆ ಬೇಕಾದ್ದು ಲೆಕ್ಕ ತಾಳೆಯಾಗುವುದಷ್ಟೇ, ನಿಮ್ಮ ಫೋಟೊ ಅಲ್ಲ. ಲೆಕ್ಕಕ್ಕೆ ಸೇರದ ತುಣುಕುಗಳನ್ನು ‘ಫೌಂಡ್’ ಎಂಬ ಫೋಲ್ಡರಿಗೆ, ಹೆಸರು ಕಿತ್ತು, ತಳ್ಳಿಬಿಡುತ್ತದೆ. ಸಾವಿರ ಫೋಟೊ ನಡುವೆ ಅದನ್ನು ಹುಡುಕೋ ಕಷ್ಟ ಬೇಡ.

ಕಾಪಿ ಮಾಡುವಾಗ ಒಂದು ಫೈಲಿಗೆ ಬಂದು ನಿಂತುಬಿಟ್ಟರೆ ವಿಂಡೋಸಿನಲ್ಲೇ ಇರೋ ರೋಬೊಕಾಪಿ (robocopy) ಕಮಾಂಡ್ ಬಳಸ್ರಿ, ಕೊನೆಯಲ್ಲಿ /ಇ /ಆರ್:1 /ಡಬ್ಲ್ಯೂ:1 (/E /R:1 /W:1) ಹಚ್ರಿ. ಅದನ್ನು ಹಚ್ಚದಿದ್ದರೆ ಕೆಟ್ಟ ಫೈಲ್ ಒಂದನ್ನೇ 30 ಸೆಕೆಂಡಿಗೊಮ್ಮೆ ಹತ್ತು ಲಕ್ಷ ಸಲ ಪ್ರಯತ್ನಿಸುತ್ತದೆ. ಹಚ್ಚಿದರೆ ಕೆಟ್ಟದ್ದನ್ನು ಇನ್ನೊಂದೇ ಸಲ ಪ್ರಯತ್ನಿಸಿ ಬಿಟ್ಟು ಮುಂದೆ ಹೋಗುತ್ತದೆ. ಡಿಸ್ಕಿನಿಂದ ‘ಟಕ್, ಟಕ್’ ಅಂತ ಒಂದೇ ಲಯದ ಸದ್ದು ಬಂದರೆ ಮಾತ್ರ ಇದ್ಯಾವುದೂ ಬೇಡ, ತಕ್ಷಣ ಆಫ್ ಮಾಡಿ ಡೇಟಾ ರಿಕವರಿ ಮಾಡೋರ ಹತ್ತಿರ ಒಯ್ಯಿರಿ. ಮತ್ತೆ ಮತ್ತೆ ಚಾಲೂ ಮಾಡಿ ನೋಡಬೇಡ್ರಿ.

05, ಸಿ5, ಸಿ6, ಸಿ7 ಅಂಕಿಗಳನ್ನೂ ರಾತ್ರಿ ಬಂದ ಉತ್ತರವನ್ನೂ ಇಲ್ಲೇ ಕೆಳಗೆ ಬರೀರಿ, ಡಿಸ್ಕೋ ಕೇಬಲ್ಲೋ ಅಂತ ನೋಡಿ ಹೇಳ್ತೀನಿ.