ಸ್ವಿಚ್ಚನ್ನು ತೆಗೆಸುವ ಮೊದಲು ಪ್ಲಗ್ ಕಿತ್ತು ನೋಡಿ

ಬಟ್ಟೆ ತೊಳೆಯುವ ಯಂತ್ರ ನೀರು ಕಾಯಿಸಲು ಶುರು ಮಾಡಿದ ಕೂಡಲೇ ಇಡೀ ಮನೆಯ ಕರೆಂಟ್ ಹೋಗುತ್ತದೆ, ಕೆಲವು ದಿನ ಯಂತ್ರ ಹಾಕದಿದ್ದರೂ ಹೋಗುತ್ತದೆ, ಕರೆಂಟ್ ಸೋರಿದ ಕೂಡಲೇ ತಾನಾಗಿ ಬಿದ್ದು ಲೈನ್ ಕಡಿಯುವ ಸುರಕ್ಷತಾ ಸ್ವಿಚ್ಚಾದ ಆರ್‌ಸಿಸಿಬಿಯನ್ನೇ ತೆಗೆಸಿಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ತೆಗೆಸಬೇಡಿ. ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸಿದರೆ ಸರಿಹೋಗುತ್ತದೆ ಎಂದು ಮೇಲೆ ಒಬ್ಬರು ಬರೆದಿದ್ದಾರೆ. ಟ್ರಿಪ್ ಆಗುವುದು, ಅಂದರೆ ಸ್ವಿಚ್ ಬೀಳುವುದು, ನಿಲ್ಲಬಹುದು, ನಿಜ. ಆದರೆ ಸೋರುವ ಕರೆಂಟ್ ನೆಲಕ್ಕಿಳಿಯಲು ಇದ್ದ ದಾರಿಯನ್ನು ಮುಚ್ಚಿದಂತಾಯಿತು. ಯಂತ್ರದ ಲೋಹದ ಮೈಯಲ್ಲಿ ಕರೆಂಟ್ ಕಾದು ಕುಳಿತಿರುತ್ತದೆ. ಒದ್ದೆ ಕೈಯಲ್ಲಿ ಮೊದಲು ಮುಟ್ಟಿದವರ ದೇಹವೇ ಅದಕ್ಕೆ ದಾರಿಯಾಗುತ್ತದೆ.

ಆರ್‌ಸಿಸಿಬಿ ಮಾಡುವುದು ಒಂದೇ ಲೆಕ್ಕ. ಫೇಸ್ ವೈರಿನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್ ವೈರಿನಲ್ಲಿ ಹಿಂದಕ್ಕೆ ಬಂತೇ? ಬರದಿದ್ದರೆ ಎಲ್ಲೋ ಸೋರಿದೆ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವುದು 30 ಮಿಲಿ ಆಂಪಿಯರಿನದು. ಸೋರಿಕೆ 15ರಿಂದ 30 ಮಿಲಿ ಆಂಪಿಯರಿನ ನಡುವೆ ಎಷ್ಟಿದ್ದರೂ ಅದು ಬೀಳಬಹುದು, ಹಾಗೆ ಬಿದ್ದರೆ ಅದು ಕೆಟ್ಟಿದೆ ಎಂದಲ್ಲ. ಹೆಚ್ಚು ಲೋಡ್ ಆದರೆ ಬೀಳುವುದು ಎಂಸಿಬಿ, ಅದರ ಕೆಲಸವೇ ಬೇರೆ. ನಿಮ್ಮಲ್ಲಿ ಬೀಳುತ್ತಿರುವುದು ಯಾವುದು ಎಂದು ಮೊದಲು ಬೋರ್ಡಿನ ಮುಂದೆ ನಿಂತು ನೋಡಿಕೊಳ್ಳಿ. ಟೆಸ್ಟ್ ಗುಂಡಿ ಇರುವುದು ಆರ್‌ಸಿಸಿಬಿ.

ಈಗ ಹುಡುಕುವ ಕೆಲಸ. ಮನೆಯಲ್ಲಿರುವ ಎಲ್ಲ ಉಪಕರಣಗಳ ಪ್ಲಗ್ ಕೀಳಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಹೊರಗೆ ಎಳೆಯಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಾಮಾನ್ಯ ಸ್ವಿಚ್ ಫೇಸನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಹಾಗೆಯೇ ಸೇರಿಕೊಂಡಿರುತ್ತದೆ. ಉಪಕರಣದ ಒಳಗೆ ನ್ಯೂಟ್ರಲ್ ವೈರ್ ಅರ್ಥಿಗೆ ತಾಗಿದ್ದರೆ, ಆ ಉಪಕರಣ ಆರಿದ್ದರೂ ದೋಷ ಅಲ್ಲೇ ಇರುತ್ತದೆ. ಬೇರೆ ಯಾವುದಾದರೂ ದೊಡ್ಡ ಉಪಕರಣ ಓಡಲು ಶುರುವಾದಾಗ ನ್ಯೂಟ್ರಲಿನಲ್ಲಿ ವಾಪಸಾಗುವ ಕರೆಂಟಿನ ಒಂದು ಪಾಲು ಆ ತಾಗಿದ ಜಾಗದಿಂದ ಅರ್ಥಿಗೆ ಹರಿಯುತ್ತದೆ, ಆರ್‌ಸಿಸಿಬಿ ಬೀಳುತ್ತದೆ. ತಪ್ಪು ಒಂದರದು, ಬೈಗುಳ ಇನ್ನೊಂದಕ್ಕೆ.

ನಮ್ಮ ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಹಾಕಿದಾಗಲೆಲ್ಲ ಹೀಗಾಗುತ್ತಿತ್ತು. ಹೊಸ ಪೆಟ್ಟಿಗೆ ತಂದ ಮೇಲೂ ನಿಲ್ಲಲಿಲ್ಲ. ಕೊನೆಗೆ ಒಂದೊಂದೇ ಪ್ಲಗ್ ಕೀಳುತ್ತ ಬಂದಾಗ, ಪಕ್ಕದ ಕೋಣೆಯಲ್ಲಿ ಆರಿಸಿಟ್ಟಿದ್ದ ಲೋಹದ ಬುಡದ ಟೇಬಲ್ ಲ್ಯಾಂಪ್ ಸಿಕ್ಕಿಬಿತ್ತು. ವೈರ್ ಬುಡದೊಳಗೆ ಹೋಗುವ ತೂತಿನಲ್ಲಿ ರಬ್ಬರ್ ಬಿಲ್ಲೆ ಉದುರಿಹೋಗಿತ್ತು. ತಗಡಿನ ಅಂಚು ಉಜ್ಜಿ ಉಜ್ಜಿ ನ್ಯೂಟ್ರಲ್ ವೈರಿನ ಹೊದಿಕೆ ಉಗುರಿನಷ್ಟು ಸೀಳಿತ್ತು, ಒಳಗಿನ ತಾಮ್ರದ ಎರಡು ಎಳೆ ಬುಡಕ್ಕೆ ತಾಗಿಕೊಂಡಿದ್ದವು. ಆದ್ದರಿಂದಲೇ ಪ್ಲಗ್ ಕೀಳಿ ಎಂದು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಎಲ್ಲ ಪ್ಲಗ್ ಕಿತ್ತ ಮೇಲೂ ಆರ್‌ಸಿಸಿಬಿ ಮೇಲೆ ನಿಲ್ಲದೆ ಬೀಳುತ್ತಿದ್ದರೆ ದೋಷ ಗೋಡೆಯೊಳಗಿನ ವೈರಿಂಗಿನಲ್ಲೋ, ಗೀಸರಿನಂತೆ ನೇರವಾಗಿ ಜೋಡಿಸಿದ ಉಪಕರಣದಲ್ಲೋ ಇರುವ ಸಾಧ್ಯತೆ ಹೆಚ್ಚು. ಆಗ ನೀವು ಕೈ ಹಾಕಬೇಡಿ, ಎಲೆಕ್ಟ್ರಿಷಿಯನ್ ಬರಲಿ. ಬೀಳದೆ ನಿಂತರೆ ಪ್ಲಗ್ಗುಗಳನ್ನು ಒಂದೊಂದಾಗಿ ಹಾಕುತ್ತ ಬನ್ನಿ, ಪ್ರತಿಯೊಂದನ್ನೂ ಸ್ವಲ್ಪ ಹೊತ್ತು ನಿಜವಾಗಿ ಓಡಿಸಿ. ಫ್ರಿಜ್ಜಿನ ಮೇಲೂ ಕಣ್ಣಿರಲಿ: ಮಂಜು ಕರಗಿಸುವ ಹೀಟರ್ ಅದರೊಳಗೆ ಹಲವು ಗಂಟೆಗಳಿಗೊಮ್ಮೆ ಮಾತ್ರ ಹೊತ್ತಿಕೊಳ್ಳುತ್ತದೆ. ಯಾರೂ ಏನೂ ಮುಟ್ಟದ ನಡುರಾತ್ರಿ ಕರೆಂಟ್ ಹೋಗುವುದಕ್ಕೆ ಎಷ್ಟೋ ಸಲ ಅದೇ ಕಾರಣ.

ನಿಮ್ಮ ಯಂತ್ರದ ವಿಷಯಕ್ಕೆ ಬಂದರೆ, ನೀರು ಕಾಯಿಸುವಾಗಲೇ ಬೀಳುತ್ತದೆ ಎಂದರೆ ನನ್ನ ಅನುಮಾನ ಹೀಟಿಂಗ್ ಎಲಿಮೆಂಟಿನ ಮೇಲೆ. (ಬಟ್ಟೆ ಹಿಂಡುವಾಗ ಬೀಳುತ್ತಿದ್ದರೆ ಮೋಟಾರಿನ ಕಾರ್ಬನ್ ಪುಡಿ ಅಥವಾ ವೈರಿನ ಮೇಲೆ ತೊಟ್ಟಿಕ್ಕುವ ನೀರನ್ನು ನೋಡಿ ಎನ್ನುತ್ತಿದ್ದೆ.) ಎಲಿಮೆಂಟಿನ ಲೋಹದ ಕೊಳವೆಯೊಳಗೆ ಸುರುಳಿ ತಂತಿಯ ಸುತ್ತ ಮೆಗ್ನೀಸಿಯಂ ಆಕ್ಸೈಡ್ ಪುಡಿ ತುಂಬಿರುತ್ತಾರೆ. ಆ ಪುಡಿ ತೇವ ಹೀರುತ್ತದೆ. ಕೊಳವೆಗೆ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ನೀರು ಒಳಗಿಳಿದು ಸೋರಿಕೆ ಶುರುವಾಗುತ್ತದೆ. ಎಲಿಮೆಂಟ್ ಬದಲಿಸುವುದೇ ಪರಿಹಾರ. ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಓವನ್ ಮೊದಲ ದಿನ ಟ್ರಿಪ್ ಮಾಡುವುದೂ ಈ ತೇವದಿಂದಲೇ. ಆದರೆ ಆರ್‌ಸಿಸಿಬಿ ಇಲ್ಲದ ಲೈನಿಗೆ ಹಾಕಿ ಕಾಯಿಸಿ ಒಣಗಿಸುವ ಸಾಹಸ ಬೇಡ.

ರಿಪೇರಿಯವರು ಮಲ್ಟಿಮೀಟರ್ ಇಟ್ಟು ಎಲ್ಲ ಸರಿಯಾಗಿದೆ ಎಂದರೆ ಒಪ್ಪಿಕೊಳ್ಳಬೇಡಿ. ಅದು ಕೆಲವೇ ವೋಲ್ಟಿನಲ್ಲಿ ಅಳೆಯುತ್ತದೆ, ಇಂತಹ ಸೋರಿಕೆ ಅದಕ್ಕೆ ಕಾಣದೇ ಹೋಗಬಹುದು. 500 ವೋಲ್ಟ್ ಹಾಕಿ ಸೋರಿಕೆ ನೋಡುವ ಮೆಗ್ಗರ್ ಎಂಬ ಮೀಟರ್ ತರಲು ಹೇಳಿ. ಯಾವ ಉಪಕರಣವೂ ಸಿಕ್ಕಿಬೀಳದಿದ್ದರೆ, ಕಂಪ್ಯೂಟರ್, ಯುಪಿಎಸ್ ಮುಂತಾದವುಗಳ ಫಿಲ್ಟರುಗಳಿಂದ ಸಹಜವಾಗಿಯೇ ಸೋರುವ ಒಂದೆರಡು ಮಿಲಿ ಆಂಪಿಯರ್‌ಗಳು ಕೂಡಿ ಮಿತಿ ಮುಟ್ಟುತ್ತಿರಬಹುದು. ಅದಕ್ಕೆ ದಾರಿ ಮನೆಯನ್ನು ಎರಡು ಮೂರು ಆರ್‌ಸಿಸಿಬಿಗಳಿಗೆ ಹಂಚುವುದು. 30ರ ಬದಲು 100 ಮಿಲಿ ಆಂಪಿಯರಿನದನ್ನು ಹಾಕಿದರೆ ಅದು ಬೆಂಕಿಯ ಅಪಾಯವನ್ನು ತಗ್ಗಿಸೀತು, ಮುಟ್ಟಿದವರ ಜೀವಕ್ಕೆ ಭರವಸೆ ಕೊಡುವುದಿಲ್ಲ.

ಇವತ್ತೇ ಟೆಸ್ಟ್ ಗುಂಡಿ ಒತ್ತಿ ನೋಡಿ. ಬೀಳದಿದ್ದರೆ ಆರ್‌ಸಿಸಿಬಿಯನ್ನು ತಡಮಾಡದೆ ಬದಲಿಸಿ. ನಂತರ ಯಂತ್ರದ ಪ್ಲಗ್ಗನ್ನು ಕೆಲವು ದಿನ ಹೊರಗೇ ಇಡಿ. ಆಗಲೂ ಬಿದ್ದರೆ, ಆ ಹೊತ್ತಿನಲ್ಲಿ ಯಾವ ಯಾವ ಪ್ಲಗ್ ಸಾಕೆಟ್ಟಿನಲ್ಲಿತ್ತು ಎಂದು ಬರೆದಿಟ್ಟು ಇಲ್ಲಿ ಹಾಕಿ. ಅಲ್ಲಿಂದ ಮುಂದೆ ಸೇರಿ ಹುಡುಕೋಣ.